ಒಂದು ಎಸ್‌ಟಿಡಿ ಕರೆ, ಹನ್ನೆರಡು ಫ್ಯಾಕ್ಸ್

ತೊಂಬತ್ತರ ದಶಕದಲ್ಲಿ ಚಿಕ್ಕಪೇಟೆಯ ಸಗಟು ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ದರಪಟ್ಟಿ ಬದಲಾದ ದಿನ ಹುಬ್ಬಳ್ಳಿಯ ಹನ್ನೆರಡು ಅಂಗಡಿಗಳಿಗೆ ಫ್ಯಾಕ್ಸ್ ಮಾಡಬೇಕು. ಅಂದರೆ ಹನ್ನೆರಡು ಎಸ್‌ಟಿಡಿ ಕರೆ, ಬೇರೆ ಊರಿಗೆ ಮಾಡುವ ದುಬಾರಿ ಕರೆ. ಹುಬ್ಬಳ್ಳಿಯ ನಮ್ಮ ಶಾಖೆಗೆ ರಿಲೇ ಸೌಲಭ್ಯವಿದ್ದ ಫ್ಯಾಕ್ಸ್ ಯಂತ್ರ ಬಂದ ಮೇಲೆ ಒಂದೇ ಸಾಕಾಯಿತು. ಬೆಂಗಳೂರಿನಿಂದ ಹಾಳೆ ಅಲ್ಲಿಗೆ ಹೋಗುತ್ತಿತ್ತು. ಉಳಿದ ಹನ್ನೆರಡು ಕರೆಗಳನ್ನು ಆ ಯಂತ್ರವೇ ಲೋಕಲ್ ದರದಲ್ಲಿ ಮಾಡುತ್ತಿತ್ತು.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಫ್ಯಾಕ್ಸ್ ಏನನ್ನು ಕಳಿಸುತ್ತದೆ ಎಂದು ನೋಡಬೇಕು. ಅದಕ್ಕೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಕಪ್ಪು ಬಿಳುಪು ಚುಕ್ಕಿ ಮಾತ್ರ. 1980ರಲ್ಲಿ ಬಂದ ‘ಗ್ರೂಪ್ 3’ ಎಂಬ ಫ್ಯಾಕ್ಸ್ ಮಾನದಂಡದ ಪ್ರಕಾರ ಹಾಳೆಯ ಅಗಲದ ಒಂದು ಗೆರೆಯಲ್ಲಿ 1728 ಚುಕ್ಕಿ, ಉದ್ದಕ್ಕೆ ಮಿಲಿಮೀಟರಿಗೆ 3.85 ಗೆರೆ. ಎ4 ಹಾಳೆಗೆ ಸುಮಾರು 20 ಲಕ್ಷ ಚುಕ್ಕಿ! ಚುಕ್ಕಿಗೊಂದು ಬಿಟ್‌ನಂತೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದೊಂದನ್ನೂ ಕಳಿಸಿದರೆ ಮೂರೂವರೆ ನಿಮಿಷ ಬೇಕು. ಆದರೆ ಹಾಳೆಯ ಬಹುಪಾಲು ಖಾಲಿ. ಹಾಗಾಗಿ ಯಂತ್ರ ‘ಸಾಲಾಗಿ ಇಷ್ಟು ಬಿಳಿ, ಆಮೇಲೆ ಇಷ್ಟು ಕಪ್ಪು’ ಎಂದು ಎಣಿಕೆಯನ್ನಷ್ಟೇ ಕಳಿಸುತ್ತದೆ. ಹೆಚ್ಚಾಗಿ ಬರುವ ಎಣಿಕೆಗೆ ಚಿಕ್ಕ ಸಂಕೇತ. ಮಾಮೂಲಿ ಪತ್ರ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು.

ಹೀಗೆ ಕುಗ್ಗಿದ ಹಾಳೆ ರಿಲೇ ಯಂತ್ರದ ಮೆಮೊರಿಯಲ್ಲಿ ಕೂರುತ್ತದೆ. ಜೊತೆಗೆ ಯಾವ ಗುಂಪಿನ ನಂಬರುಗಳಿಗೆ ಕಳಿಸಬೇಕೆಂಬ ಸೂಚನೆಯೂ ಹೋಗಿರುತ್ತದೆ. ದೂರದ ಲೈನು ಕಟ್ಟಾದ ಮೇಲೆ ಅದು ನಂಬರುಗಳನ್ನು ಒಂದೊಂದಾಗಿ ತಿರುಗಿಸುತ್ತದೆ. ಪ್ರತಿ ಅಂಗಡಿಯ ಯಂತ್ರದ ಜೊತೆಗೂ ಹೊಸದಾಗಿ ಮಾತುಕತೆ: ನಿನ್ನ ವೇಗ ಎಷ್ಟು? ಲೈನಿನಲ್ಲಿ ಗದ್ದಲವಿದ್ದರೆ 9600ರಿಂದ 7200ಕ್ಕೆ, 4800ಕ್ಕೆ, ಕೊನೆಗೆ 2400ಕ್ಕೂ ಇಳಿಯುತ್ತದೆ. ಒಂದು ಅಂಗಡಿಯ ಹಳೇ ಯಂತ್ರದಿಂದಾಗಿ ಉಳಿದವರ ಹಾಳೆ ಕೆಡುವುದಿಲ್ಲ.

ಯಾವ ಗುಂಪಿಗೆ ಕಳಿಸಬೇಕೆಂಬ ಸೂಚನೆಯ ಭಾಷೆ ಮಾತ್ರ ಸಾಮಾನ್ಯವಾಗಿ ಆಯಾ ತಯಾರಕರ ಸ್ವಂತದ್ದು. ಆದ್ದರಿಂದ ಕಳಿಸುವ ಯಂತ್ರ, ರಿಲೇ ಯಂತ್ರ ಎರಡೂ ಒಂದೇ ಕಂಪನಿಯವಾಗಿರಬೇಕಿತ್ತು. ಕೊನೆಗೆ ಹಾಳೆ ಪಡೆಯುವ ಅಂಗಡಿಯವರದು ಯಾವುದಾದರೂ ನಡೆಯುತ್ತಿತ್ತು. ಪಾಸ್‌ವರ್ಡ್ ಕೂಡ ಇಡುತ್ತಿದ್ದೆವು. ಇಲ್ಲವಾದರೆ ಯಾರೋ ನಮ್ಮ ರಿಲೇ ಯಂತ್ರಕ್ಕೆ ಹಾಳೆ ಕಳಿಸಿ, ನಮ್ಮ ಬಿಲ್ಲಿನಲ್ಲಿ ಊರಿಗೆಲ್ಲ ಹಂಚಬಹುದು.

ಒಂದು ಸೂಕ್ಷ್ಮ ನನಗೆ ತಡವಾಗಿ ತಿಳಿಯಿತು. ನಮ್ಮ ಯಂತ್ರ ‘ಓಕೆ’ ಎಂದು ಮುದ್ರಿಸಿದರೆ ಹಾಳೆ ಹುಬ್ಬಳ್ಳಿಯ ರಿಲೇ ಮುಟ್ಟಿದೆ ಎಂದಷ್ಟೇ ಅರ್ಥ. ಅಂಗಡಿಗಳಿಗೆ ತಲುಪಿತೇ ಎಂಬುದು ರಿಲೇ ತನ್ನ ಸುತ್ತು ಮುಗಿಸಿ ವಾಪಸ್ ಕಳಿಸುವ ವರದಿಯಲ್ಲಿ. ಆ ಸಣ್ಣ ಹಾಳೆಗೆ ಕಾದು, ಹನ್ನೆರಡು ನಂಬರುಗಳ ಎದುರು ಬೆರಳಿಟ್ಟು ಓದುತ್ತಿದ್ದೆ.

ಒಂದು ನಂಬರಿನೆದುರು ಯಾವಾಗಲೂ ‘ಉತ್ತರವಿಲ್ಲ’. ಆ ಅಂಗಡಿಯಲ್ಲಿ ಮಾತಿಗೂ ಫ್ಯಾಕ್ಸಿಗೂ ಒಂದೇ ಫೋನು. ರಿಲೇ ಯಂತ್ರ ಕರೆದಾಗ ಮೂರು ಸೆಕೆಂಡು ಬಿಟ್ಟು ಬಿಟ್ಟು 1100 ಹರ್ಟ್ಸ್‌ನ ಅರ್ಧ ಸೆಕೆಂಡಿನ ಪೀಪ್ ಕೊಡುತ್ತದೆ. ಅಲ್ಲಿನ ಯಜಮಾನರು ‘ಹಲೋ, ಹಲೋ’ ಎಂದು ಕೂಗಿ ಇಟ್ಟುಬಿಡುತ್ತಿದ್ದರು. ಗುಂಡಿ ಒತ್ತಿ ಫ್ಯಾಕ್ಸ್‌ಗೆ ಹಾಕಿ ಎಂದು ಕೇಳಲು ಯಂತ್ರಕ್ಕೆ ಬಾಯಿಲ್ಲ. ಕೊನೆಗೆ ನಾನೇ ಎಸ್‌ಟಿಡಿ ಹಚ್ಚಿ ಹೇಳಬೇಕಿತ್ತು: ‘ಚಿಕ್ಕಪೇಟೆಯಿಂದ ಮಾತಾಡ್ತಿದೀನಿ ಸಾರ್, ಸ್ವಲ್ಪ ಫ್ಯಾಕ್ಸ್ ಟೋನ್ ಕೊಡಿ.’