ಹಸಿರು ಉದ್ಯಮಕ್ಕೆ ಒತ್ತಾಸೆಯಾಗುವ ಯುವ ಕಾರ್ಯಕರ್ತರ ತರಬೇತಿ: ಹಾಳೆತಟ್ಟೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಯುವಕ ಮಂಡಲದ ಸಂಘಟಕರು, ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿಗಳು, ಊರಿನ ಯುವಜನರೊಂದಿಗೆ ನಿತ್ಯ ಒಡನಾಡುವ ಸ್ವಯಂಸೇವಕರು, ಇವರೆಲ್ಲರನ್ನೂ ಇಲ್ಲಿ ಯುವ ಕಾರ್ಯಕರ್ತರು ಎಂದಿದ್ದೇನೆ. ಇವರು ಸ್ವತಃ ಉದ್ಯಮಿಗಳಾಗಿರಬೇಕಿಲ್ಲ. ಉದ್ಯಮಕ್ಕೆ ಕೈಹಾಕಹೊರಟ ಹುಡುಗ ಹುಡುಗಿಯರಿಗೆ ಸಾಲದ ಅರ್ಜಿಗಿಂತ ಮೊದಲೇ ತಕ್ಕ ಪ್ರಶ್ನೆ ಕೇಳಬಲ್ಲವರಾದರೆ ತರಬೇತಿ ಫಲಿಸಿತೆಂದೇ ನನ್ನ ಎಣಿಕೆ.

ಈ ವಿಷಯಕ್ಕೆ ಯುರೋಪಿಯನ್ ಒಕ್ಕೂಟವು ರೂಪಿಸಿದ ಎರಡು ಚೌಕಟ್ಟುಗಳು ನೆರವಾಗುತ್ತವೆ. 2016ರ ‘ಎಂಟ್ರೆಕಾಂಪ್’ ಉದ್ಯಮಶೀಲತೆಯ 15 ಸಾಮರ್ಥ್ಯಗಳನ್ನೂ 2022ರ ‘ಗ್ರೀನ್‌ಕಾಂಪ್’ ಸುಸ್ಥಿರತೆಯ 12 ಸಾಮರ್ಥ್ಯಗಳನ್ನೂ ವಿವರಿಸುತ್ತವೆ. ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಎರಡನೆಯದರಲ್ಲಿರುವ ‘ವ್ಯವಸ್ಥೆಯನ್ನು ಇಡಿಯಾಗಿ ನೋಡುವುದು’ ಎಂಬ ಒಂದನ್ನೇ ನಮ್ಮ ಜಿಲ್ಲೆಗಳ ಹಾಳೆತಟ್ಟೆ, ಅಂದರೆ ಅಡಿಕೆ ಮರದ ಹಾಳೆಯಿಂದ ಮಾಡುವ ಊಟದ ತಟ್ಟೆಯ ಘಟಕಕ್ಕೆ ಅನ್ವಯಿಸಿದರೆ ಸಾಕಷ್ಟು ಕಲಿಯಬಹುದು.

ಉಡುಪಿ, ಮಂಗಳೂರಿನ ಕಡೆ ಹಸಿರು ಉದ್ಯಮವೆಂದೊಡನೆ ಮೊದಲು ನೆನಪಾಗುವುದು ಇದೇ. ತೋಟದಲ್ಲಿ ಬಿದ್ದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಾದ್ಯಂತ ನಿಷೇಧವಿರುವುದರಿಂದ ಮಾರುಕಟ್ಟೆಯೂ ತೆರೆದಿದೆಯೆಂದು ತೋರುತ್ತದೆ. ಆದರೆ ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ. ಮಳೆ ಹಿಡಿದರೆ ಅದಕ್ಕೆ ಬೂಸರು ಬರುತ್ತದೆ. ಮದುವೆ, ದೈವಗಳ ನೇಮ, ದೇವಸ್ಥಾನಗಳ ಬ್ರಹ್ಮಕಲಶಗಳ ಬೇಡಿಕೆಯೂ ಬೇಸಿಗೆಯದೇ, ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳಿನಲ್ಲಿ ಶುಭಕಾರ್ಯಗಳೇ ಇಲ್ಲ. ಹಾಗಿರುವಾಗ ಮಳೆಗಾಲದಲ್ಲಿ ಯಂತ್ರ ನಿಂತರೂ ನಿಲ್ಲದ ಸಾಲದ ಕಂತನ್ನು ಯಾವುದರಿಂದ ಕಟ್ಟುವುದು? ದಾಸ್ತಾನಿಗೆ ತೇವ ತಾಗದ ಕೋಣೆ ಇದೆಯೇ? ಇನ್ನೊಂದು ಸಂಗತಿಯನ್ನು ನಾವು ಸುಲಭವಾಗಿ ಮರೆಯುತ್ತೇವೆ: ಹಾಳೆ ಕಸವಲ್ಲ. ಅದು ದನಗಳಿಗೆ ಮೇವಾಗಿ, ಬುಡಕ್ಕೆ ಮುಚ್ಚಿಗೆಯಾಗಿ, ತಲೆಗೆ ಮುಟ್ಟಾಳೆಯಾಗಿ ಬಳಕೆಯಲ್ಲಿದ್ದ ವಸ್ತು. ಅದನ್ನು ತೋಟದಿಂದ ಒಯ್ಯುವಾಗ ಮಣ್ಣಿಗೆ ಮರಳಬೇಕಾದುದನ್ನೂ ಒಯ್ಯುತ್ತೇವೆ. ಅಂಚು ಕತ್ತರಿಸಿ ಉಳಿದ ಚೂರುಗಳು ಗೊಬ್ಬರವಾಗಿ ಹಿಂದಿರುಗದಿದ್ದರೆ ‘ಹಸಿರು’ ಎಂಬ ಮಾತು ಬರಿಯ ಚೀಟಿಯಾಗುತ್ತದೆ.

ರಫ್ತಿನ ಕನಸಿಗೂ ಎಚ್ಚರ ಬೇಕು. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳೆಂಬ ಸಸ್ಯಜನ್ಯ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಈ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಮಣ್ಣಲ್ಲಿ ಕರಗುವುದೂ ಆಹಾರಕ್ಕೆ ಸುರಕ್ಷಿತವಾಗಿರುವುದೂ ಬೇರೆ ಬೇರೆ ಪರೀಕ್ಷೆಗಳು.

ಹಣದ ವಿಚಾರದಲ್ಲಿ ಹೆಚ್ಚಿನವರು ಎಡವುವುದು ಸಬ್ಸಿಡಿ ಎಂಬ ಪದದಲ್ಲಿ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಾಮಾನ್ಯ ವರ್ಗದ ಗ್ರಾಮೀಣ ಅರ್ಜಿದಾರರು 10 ಲಕ್ಷ ರೂಪಾಯಿಯ ಘಟಕ ಹಾಕುವುದಾದರೆ ಶೇ. 10, ಅಂದರೆ 1 ಲಕ್ಷವನ್ನು ಕೈಯಿಂದ ಹಾಕಬೇಕು, ಶೇ. 25ರಂತೆ ದೊರೆಯುವ ಸಬ್ಸಿಡಿಯ ಎರಡೂವರೆ ಲಕ್ಷವು ಕೈಗೆ ಬರದೆ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿರುವುದು ಖಚಿತವಾದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ ಇದು ಕ್ರಮವಾಗಿ ಶೇ. 5 ಮತ್ತು ಶೇ. 35. ಕಾರ್ಯಕರ್ತರಾದ ನಾವು ಈ ಲೆಕ್ಕವನ್ನು ಕಾಗದದ ಮೇಲೆ ಬರೆದೇ ತೋರಿಸಬೇಕು, ಬಾಯಿಮಾತು ಸಾಲದು.

ತರಬೇತಿಯ ಅವಧಿ ಎಷ್ಟಿರಬೇಕೆಂಬುದಕ್ಕೆ ದೂರ ಹುಡುಕಬೇಕಿಲ್ಲ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ಸ್ವ ಉದ್ಯೋಗ ತರಬೇತಿ ಸಂಸ್ಥೆಯಾದ ರುಡ್‌ಸೆಟಿಯ ಮಾದರಿಯಲ್ಲೇ ದೇಶದ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಬೆಳೆದವು. ಅಲ್ಲಿ ತರಗತಿ ಕೆಲವೇ ವಾರಗಳದು, ಆ ಬಳಿಕದ ಬೆನ್ನುಹತ್ತಿದ ಮಾರ್ಗದರ್ಶನ ಎರಡು ವರ್ಷದ್ದು. ಎರಡು ಮಳೆಗಾಲ ದಾಟಿದ ಮೇಲಷ್ಟೇ ಹಾಳೆತಟ್ಟೆಯಂಥ ಘಟಕದ ನಿಜವಾದ ಲೆಕ್ಕ ಸಿಗುವುದರಿಂದ ಈ ಅನುಪಾತ ನನಗೆ ಸರಿಯೆನಿಸುತ್ತದೆ.

ಮುಂದಿನ ಗುಂಪು ಅಭ್ಯಾಸಕ್ಕೆ ಗೇರುಹಣ್ಣನ್ನು ತೆಗೆದುಕೊಳ್ಳಬಹುದು. ಬೀಜ ಕಿತ್ತ ಮೇಲೆ ತೋಟದಲ್ಲೇ ಕೊಳೆಯುವ ಈ ಹಣ್ಣು ಒಂದೆರಡು ದಿನವೂ ತಾಳುವುದಿಲ್ಲ, ರಸ ತೆಗೆದರೂ ಅದರ ಒಗರನ್ನು ಮೊದಲು ಇಳಿಸಬೇಕು. ಹಾಗಾಗಿ ಹಣ್ಣು ಎಷ್ಟು ಸಿಗುತ್ತದೆ ಎಂಬುದರ ಬದಲು, ಹೆಕ್ಕಿದ ಸಂಜೆಯೊಳಗೆ ಅದು ಎಲ್ಲಿಗೆ ತಲುಪುತ್ತದೆ ಎಂಬ ಪ್ರಶ್ನೆಯಿಂದ ಚರ್ಚೆಯನ್ನು ಆರಂಭಿಸಿರಿ.