ಎಲ್ಲಾ ಸ್ವಿಚ್ ಕಲಿತ ಮೇಲೇ ವಿಮಾನ ಹತ್ತಬೇಕಾ?

"ಅಣ್ಣಾರ, ಫೈಟರ್ ಸಿಮ್ಯುಲೇಟರ್ ಆಡಬೇಕಂದ್ರ ಮೊದಲ ಎಲ್ಲಾ ಸ್ವಿಚ್ ಬಾಯಿಪಾಠ ಮಾಡಬೇಕೇನ್ರಿ?"

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಇವತ್ತು ಬರೆದೇ ಬಿಡುತ್ತೇನೆ.

ಡಿಸಿಎಸ್ ವರ್ಲ್ಡ್ ಅನ್ನುವ, ಯುದ್ಧವಿಮಾನ ಹಾರಿಸುವ ಆಟವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರ ಜೊತೆಗೆ ಸು-25ಟಿ ವಿಮಾನವೂ ಬರುತ್ತದೆ. ವಿಮಾನ ಆಗಲೇ ಗಾಳಿಯಲ್ಲಿರುವ ಮಿಷನ್ ಆರಿಸಿ. ಲೇಬಲ್ ಆನ್ ಮಾಡಿ, ದೂರದ ಚುಕ್ಕೆ ಯಾವ ವಿಮಾನ ಅಂತ ಗೊತ್ತಾಗುತ್ತದೆ. ಜಾಯ್‌ಸ್ಟಿಕ್ ಇಲ್ಲವಾ? ಶುರುವಿಗೆ ಗೇಮ್‌ಪ್ಯಾಡ್ ಸಾಕು.

ಇಷ್ಟು ಹೇಳಿದರೆ ಕೆಲವರಿಗೆ ಸಮಾಧಾನವಿಲ್ಲ. ಲೇಬಲ್ ಹಾಕಿಕೊಂಡರೆ, ಎಂಜಿನ್ ತಾನೇ ಸ್ಟಾರ್ಟ್ ಆಗುವಂತೆ ಮಾಡಿದರೆ ಅದು ಮಕ್ಕಳಾಟವಂತೆ. ನಿಜವಾದ ಪೈಲಟ್‌ಗಳು ಹಾಗೆ ಕಲಿಯುವುದಿಲ್ಲವಂತೆ.

ಬೀದರಿನಲ್ಲಿ ಕೂತು ಈ ಮಾತು ಹೇಳಬಾರದು. ತಲೆ ಎತ್ತಿ ನೋಡಿ. ನಮ್ಮ ಮೇಲೆ ದಿನಾ ಹಾರುವ, ವಾಯುಪಡೆಯ ಹಾಕ್ ತರಬೇತಿ ವಿಮಾನದಲ್ಲಿ ಎರಡು ಸೀಟು, ಹಿಂದೆ ಕೂರುವವರು ಕಲಿಸುವವರು. ಮುಂದೆ ಕೂತು ಕಲಿಯುವ ಹುಡುಗರು ಇಲ್ಲಿಗೆ ಬರುವ ಮೊದಲು ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿ ಪಿಲಾಟಸ್ ಹಾರಿಸಿರುತ್ತಾರೆ, ಪ್ರೊಪೆಲ್ಲರ್ ವಿಮಾನ. ಹಾಕ್ ಆದಮೇಲೇ ದೊಡ್ಡ ಫೈಟರ್. ಮೊದಲು ಈ ನಡುವಿನ ಮೆಟ್ಟಿಲು ಇರಲಿಲ್ಲ. ಕಿರಣ್‌ನಂಥ ತರಬೇತಿ ವಿಮಾನ ಮುಗಿಸಿ ನೇರ ಮಿಗ್-21 ಫೈಟರ್ ಹತ್ತುತ್ತಿದ್ದರು. ಅಪಘಾತಗಳು ಜಾಸ್ತಿಯಾಗಿ, ನಡುವೆ ಒಂದು ಜೆಟ್ ಟ್ರೇನರ್ ಬೇಕೇ ಬೇಕು ಅಂತ ಏರ್ ಮಾರ್ಷಲ್ ಲಾ ಫಾಂಟೇನ್ ನೇತೃತ್ವದ ಸಮಿತಿ 1982ರಲ್ಲೇ ಹೇಳಿತ್ತು. ಹಾಕ್ ಬೀದರಿನಲ್ಲಿ ವಾಯುಪಡೆಗೆ ಸೇರಿದ್ದು 2008ರಲ್ಲಿ. ವಾಯುಪಡೆಯೇ ಮೆಟ್ಟಿಲು ಬೇಕು ಅಂದಮೇಲೆ ನಿಮಗೆ ಯಾಕೆ ಬೇಡ?

ಮೊದಲ ವಾರ ಒಂದೇ ಕೆಲಸ ಮಾಡಿ: ಎತ್ತರ ಕಳೆದುಕೊಳ್ಳದೆ ತಿರುಗುವುದು. ವಿಮಾನ ವಾಲಿದಾಗ ರೆಕ್ಕೆಯ ಎತ್ತುವ ಬಲದಲ್ಲಿ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ. ಭಾರ ಹೊರಲು ಉಳಿಯುವುದು ಕಡಿಮೆ. ಅದಕ್ಕೇ ವಿಮಾನ ಕೆಳಗಿಳಿಯುತ್ತದೆ. ಸ್ಟಿಕ್ ಸ್ವಲ್ಪ ಹಿಂದಕ್ಕೆ ಎಳೆಯಿರಿ. ಈಗ ವೇಗ ಇಳಿಯುತ್ತದೆ, ಥ್ರಾಟಲ್, ಅಂದರೆ ಎಂಜಿನ್ ಶಕ್ತಿ, ಹೆಚ್ಚಿಸಿ. ಇದು ಕೈಗೆ ಕೂತರೆ ಅರ್ಧ ಕಾಳಗ ಕಲಿತಂತೆ. ಮಿಸೈಲ್, ರೇಡಾರ್ ಎಲ್ಲ ಆಮೇಲೆ. ನಾನು ಹೇಳಿಕೊಟ್ಟ ಹುಡುಗರಲ್ಲಿ ಹೀಗೆ ಶುರು ಮಾಡಿದವರು ಇವತ್ತಿಗೂ ಹಾರಿಸುತ್ತಿದ್ದಾರೆ. ಸ್ವಿಚ್ ಪಟ್ಟಿ ಹಿಡಿದು ಕೂತವರು ಎರಡೇ ವಾರಕ್ಕೆ ಬಿಟ್ಟರು.

ಇದನ್ನು ಆಡಿದರೆ ವಾಯುಪಡೆಗೆ ಸೇರಬಹುದಾ ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಆಸೆ ಕಣ್ಣಲ್ಲಿ ಕಾಣುತ್ತದೆ. ಆಟ ಆಡಿದ್ದಕ್ಕೆ ಅಲ್ಲಿ ಅಂಕ ಇಲ್ಲ. ಪೈಲಟ್ ಆಯ್ಕೆಗೆ ಬೇರೆಯೇ ಪರೀಕ್ಷೆ ಇದೆ. ಎನ್‌ಡಿಎ, ಅಂದರೆ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ, ಅದರ ಮೂಲಕ ಪೈಲಟ್ ಆಗಲು ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು. 2022ರಿಂದ ಹುಡುಗಿಯರೂ ಅಲ್ಲಿ ಸೇರುತ್ತಿದ್ದಾರೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವವರಿದ್ದರೆ ಈ ಮಾತನ್ನು ಈಗಲೇ ಹೇಳಿಬಿಡಿ. ಆರ್ಟ್ಸ್ ತಗೊಂಡ ಮೇಲೆ ನನ್ನ ಹತ್ತಿರ ಬಂದವರು ಇದ್ದಾರೆ.