ಕೋಟು ತೊಡುವುದಕ್ಕೆ ಮೊದಲಿನ ಮೊಲ

2008ರ ಜುಲೈ ತಿಂಗಳಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ, ಮೊಲಗಳ ಕ್ರಿಸ್‌ಮಸ್ ಕೂಟವನ್ನು ಕುರಿತ ಒಂದು ಜಲವರ್ಣ ಚಿತ್ರ 2,89,250 ಪೌಂಡಿಗೆ ಮಾರಾಟವಾಯಿತು. ಪುಸ್ತಕಚಿತ್ರವೊಂದಕ್ಕೆ ಅಲ್ಲಿಯವರೆಗೆ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಅದನ್ನು ಬರೆದವರು ಮಕ್ಕಳ ಪುಸ್ತಕಗಳ ಇಂಗ್ಲಿಷ್ ಲೇಖಕಿ, ಚಿತ್ರಕಾರ್ತಿ ಬಿಯಾಟ್ರಿಕ್ಸ್ ಪಾಟರ್. ಬರೆದದ್ದು 1890ರ ದಶಕದಲ್ಲಿ, ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ, ಕೋಟು ತೊಟ್ಟ ಪೀಟರ್ ಮೊಲದ ಕಥೆ ಇನ್ನೂ ಪುಸ್ತಕವಾಗದೆ ಇದ್ದಾಗ. ಅವರ ಇಂಥ ಮೊದಮೊದಲ ಪ್ರಾಣಿಚಿತ್ರಗಳನ್ನು ಮುಂದಿನ ಪುಸ್ತಕಗಳ ಪೂರ್ವತಯಾರಿಯೆಂದು ನೋಡಿ ಮುಂದೆ ಸಾಗುವುದು ವಾಡಿಕೆ. ಆದರೆ ಆ ಹಾಳೆಗಳು ಹುಟ್ಟಿದ ಬಗೆಯನ್ನು ಹಿಂಬಾಲಿಸಿದರೆ, ಮಕ್ಕಳು ಇಂದಿಗೂ ನಂಬುವ ಆ ಮೊಲದ ಮೈಕಟ್ಟು ಕಥೆಗಿಂತ ಎಷ್ಟೋ ವರ್ಷ ಮೊದಲೇ, ಕಥೆಯ ಹಂಗಿಲ್ಲದೆ ಸಿದ್ಧವಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಪಾಟರ್ ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಕೆನ್ಸಿಂಗ್ಟನ್ ಬಳಿಯ ಬೋಲ್ಟನ್ ಗಾರ್ಡನ್ಸ್‌ನ ಸಿರಿವಂತರ ಮನೆಯೊಂದರಲ್ಲಿ. ಶಾಲೆಗೆ ಹೋಗದೆ ಮನೆಯಲ್ಲೇ ಶಿಕ್ಷಕಿಯರಿಂದ ಪಾಠ ಕಲಿತ ಆ ಹುಡುಗಿಗೆ ಓರಗೆಯ ಗೆಳತಿಯರು ಕಡಿಮೆ. ಆರು ವರ್ಷ ಚಿಕ್ಕವನಾದ ತಮ್ಮ ಬರ್ಟ್ರಾಮ್ ಮತ್ತು ಇಬ್ಬರೂ ಸೇರಿ ಸಾಕಿದ ಇಲಿ, ಮೊಲ, ಹಲ್ಲಿ, ಕಪ್ಪೆ, ಬಾವಲಿಗಳೇ ಸಂಗಾತಿಗಳು. ಬೇಸಿಗೆಯಲ್ಲಿ ಕುಟುಂಬ ಸ್ಕಾಟ್ಲೆಂಡಿನ ಡಾಲ್‌ಗೈಸ್ ಎಂಬಲ್ಲಿ ತಿಂಗಳುಗಟ್ಟಲೆ ತಂಗುತ್ತಿತ್ತು. ಎಂಟರ ಹರೆಯದಲ್ಲಿ ಅವರು ತುಂಬಿಸಿದ 1875ರ ಚಿತ್ರಪುಸ್ತಕ ಉಳಿದುಬಂದಿದೆ. ಅದರಲ್ಲಿ ಕಂಬಳಿಹುಳುಗಳ ಚಿತ್ರಗಳಿವೆ. ಸತ್ತುಹೋದ ಪ್ರಾಣಿಗಳನ್ನು ಅಕ್ಕ ತಮ್ಮ ನೀರಿನಲ್ಲಿ ಬೇಯಿಸಿ, ಮಾಂಸ ಬಿಡಿಸಿ, ಅಸ್ಥಿಪಂಜರವನ್ನು ತೆಗೆದಿಟ್ಟುಕೊಳ್ಳುತ್ತಿದ್ದರು. ಇದನ್ನು ಓದಿದಾಗ ಮೊದಲು ಮೈ ಜುಮ್ಮೆನ್ನಬಹುದು; ಆದರೂ ಅವರ ಚಿತ್ರಗಳನ್ನು ತಿಳಿಯಬೇಕಾದವರು ಬಿಡಬಾರದ ವಿವರ ಇದೇ ಎಂದು ನಾನು ಭಾವಿಸುತ್ತೇನೆ. ತುಪ್ಪಳದ ಕೆಳಗೆ ಮೂಳೆ ಎಲ್ಲಿ ಮಡಚುತ್ತದೆ, ಕೂತಾಗ ತೊಡೆಯ ಭಾರ ಎಲ್ಲಿ ಬೀಳುತ್ತದೆ ಎಂಬುದು ಅವರಿಗೆ ಕೈಯಾರೆ ಗೊತ್ತಿತ್ತು.

ಚಿತ್ರಕಲೆಯ ಪಾಠವೂ ನಡೆದಿತ್ತು, 1880ರಲ್ಲಿ ಅದಕ್ಕೊಂದು ಪ್ರಮಾಣಪತ್ರವೂ ಬಂತು. ಆದರೆ ಇನ್ನೊಬ್ಬರು ಬರೆದದ್ದನ್ನು ನಕಲು ಮಾಡುವ ಅಂದಿನ ಕ್ರಮ ಅವರಿಗೆ ಹಿಡಿಸಲಿಲ್ಲ. ತಂದೆ ರೂಪರ್ಟ್ ಪಾಟರ್ ಛಾಯಾಗ್ರಹಣದ ಹವ್ಯಾಸವುಳ್ಳವರು, ಪ್ರಸಿದ್ಧ ಚಿತ್ರಕಾರ ಜಾನ್ ಎವರೆಟ್ ಮಿಲೈಸ್ ಅವರ ಸ್ನೇಹಿತರು. ಬರೆಯಬಲ್ಲವರು ಬಹಳ ಮಂದಿ ಇದ್ದಾರೆ, ಈಕೆಗಿರುವುದು ನೋಡುವ ಶಕ್ತಿ ಎಂಬರ್ಥದ ಮಾತನ್ನು ಮಿಲೈಸ್ ಆಡಿದ್ದರೆಂಬುದನ್ನು ಪಾಟರ್ ನೆನಪಿಟ್ಟುಕೊಂಡಿದ್ದರು. ಮನೆಗೆ ಹತ್ತಿರದಲ್ಲೇ ಇದ್ದ ವಸ್ತುಸಂಗ್ರಹಾಲಯಗಳಲ್ಲಿ ಕೀಟಗಳನ್ನೂ ಪಳೆಯುಳಿಕೆಗಳನ್ನೂ ನೋಡಿ ಬರೆದರು. ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ಅದೇ ತಾಳ್ಮೆಯಿಂದ ಬಣ್ಣಕ್ಕಿಳಿಸಿದರು.

ಜಲವರ್ಣ ಈ ಬಗೆಯ ನೋಟಕ್ಕೆ ಒಗ್ಗುವ ಮಾಧ್ಯಮ. ಬಣ್ಣ ಪಾರದರ್ಶಕವಾದ್ದರಿಂದ ಬೆಳಕು ಬರಬೇಕಾದ್ದು ಕಾಗದದ ಬಿಳುಪಿನಿಂದಲೇ, ಆದ್ದರಿಂದ ಎಲ್ಲಿ ಬಣ್ಣ ಹಚ್ಚಬಾರದೆಂಬುದನ್ನು ಚಿತ್ರಕಾರ ಮೊದಲೇ ನಿರ್ಧರಿಸಿರಬೇಕು. ತಪ್ಪಿದರೆ ತೈಲವರ್ಣದಂತೆ ಮೇಲೆ ಹಚ್ಚಿ ಮುಚ್ಚುವುದು ಸುಲಭವಲ್ಲ. ಪಾಟರ್ ಮೊದಲು ಪೆನ್ಸಿಲ್ಲಿನಲ್ಲಿ ಆಕಾರವನ್ನು ಕಟ್ಟಿ, ಮೇಲೆ ತೆಳುವಾಗಿ ಬಣ್ಣ ಹರಿಸಿ, ಅದು ಆರಿದ ಬಳಿಕ ಹೆಚ್ಚು ನೀರಿಲ್ಲದ ಸಣ್ಣ ಕುಂಚದಿಂದ ತುಪ್ಪಳದ ಎಳೆಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಅವರು ಸಾಕಿದ್ದ ಬೆಂಜಮಿನ್ ಬೌನ್ಸರ್ ಎಂಬ ಮೊಲದ ತಲೆಯನ್ನು ಎದುರಿನಿಂದ, ಪಕ್ಕದಿಂದ, ಓರೆಯಾಗಿ ಹೀಗೆ ಒಂದೇ ಹಾಳೆಯಲ್ಲಿ ಮತ್ತೆ ಮತ್ತೆ ಬರೆದ ಅಭ್ಯಾಸಚಿತ್ರಗಳಿವೆ. ಅಂಥ ಹಾಳೆಯಲ್ಲಿ ಕಥೆಯಿಲ್ಲ, ಹಿನ್ನೆಲೆಯಿಲ್ಲ, ಯಾರನ್ನೂ ನಗಿಸುವ ಉದ್ದೇಶವೂ ಇಲ್ಲ. ಕಿವಿ ತಲೆಗೆ ಸೇರುವ ಜಾಗ ಹೇಗಿದೆ ಎಂಬ ಒಂದೇ ಪ್ರಶ್ನೆಯಿದೆ.

ಮೊದಲ ಗಳಿಕೆ ಬಂದದ್ದೂ ಬೆಂಜಮಿನ್ನಿನಿಂದಲೇ. 1890ರಲ್ಲಿ ಅವನನ್ನು ಮಾದರಿಯಾಗಿಟ್ಟುಕೊಂಡು ಶುಭಾಶಯ ಪತ್ರಗಳಿಗೆಂದು ಬರೆದ ಚಿತ್ರಗಳನ್ನು ಹಿಲ್ಡೆಸ್‌ಹೈಮರ್ ಆ್ಯಂಡ್ ಫಾಕ್ನರ್ ಎಂಬ ಪ್ರಕಾಶನ ಸಂಸ್ಥೆ 6 ಪೌಂಡಿಗೆ ಕೊಂಡಿತು. ಆ ಸಂತೋಷಕ್ಕೆ ಮೊಲಕ್ಕೊಂದು ಬಟ್ಟಲು ಭಂಗಿ ಬೀಜ ತಿನ್ನಿಸಿದ್ದಾಗಿಯೂ, ಮರುದಿನ ಚಿತ್ರ ಬರೆಯಲು ಕೂತರೆ ಅಮಲೇರಿದ ಮೊಲ ಹತೋಟಿಗೇ ಸಿಗಲಿಲ್ಲವೆಂದೂ ಪಾಟರ್ ದಿನಚರಿಯಲ್ಲಿ ಬರೆದಿದ್ದಾರೆ. ಅದೇ ಚಿತ್ರಗಳು ಫ್ರೆಡರಿಕ್ ವೆದರ್ಲಿಯವರ ಪದ್ಯಗಳೊಡನೆ ಕಿರುಪುಸ್ತಕವಾಗಿಯೂ ಬಂದವು. ಚಿತ್ರಕಾರರ ಹೆಸರಿನ ಜಾಗದಲ್ಲಿ ಮೂರು ಮೊದಲಕ್ಷರಗಳಷ್ಟೇ ಇದ್ದವು.

ಕ್ರಿಸ್‌ಮಸ್ ಕೂಟದ ಸರಣಿ ಈ ಕಾಲದ್ದು. ಒಂದು ಚಿತ್ರದಲ್ಲಿ ಮೊಲಗಳು ಒಲೆಯ ಬೆಂಕಿಯ ಮುಂದೆ ಸೇಬು ಸುಡುತ್ತಿವೆ. ಮನುಷ್ಯರ ಕೆಲಸವನ್ನು ಮಾಡುತ್ತಿದ್ದರೂ ಅವುಗಳ ಬೆನ್ನಿನ ಬಾಗು, ಮುಂಗಾಲನ್ನು ಹಿಡಿದ ರೀತಿ ಮೊಲದ್ದೇ. ಪ್ರಾಣಿಗಳಿಗೆ ಬಟ್ಟೆ ತೊಡಿಸಿದ ಚಿತ್ರಕಾರರು ಅವರಿಗಿಂತ ಮೊದಲೂ ಬೇಕಾದಷ್ಟಿದ್ದರು, ಆದರೆ ಅಂಥ ಎಷ್ಟೋ ಚಿತ್ರಗಳಲ್ಲಿ ಬಟ್ಟೆಯೊಳಗಿರುವುದು ಪ್ರಾಣಿಯ ತಲೆಯುಳ್ಳ ಮನುಷ್ಯ. ಪಾಟರ್ ಅವರಲ್ಲಿ ಹಾಗಾಗಲಿಲ್ಲ, ಏಕೆಂದರೆ ಬಟ್ಟೆಯಿಲ್ಲದ ಮೊಲವನ್ನು ಅವರು ನೂರಾರು ಸಲ ನೋಡಿದ್ದರು.

1893ರ ಸೆಪ್ಟೆಂಬರ್ 4ರಂದು, ತಮ್ಮ ಹಿಂದಿನ ಶಿಕ್ಷಕಿಯ ಮಗ, ಕಾಯಿಲೆಯಿಂದ ಮಲಗಿದ್ದ ನೋಯೆಲ್ ಮೂರ್ ಎಂಬ ಹುಡುಗನಿಗೆ ಬರೆದ ಸಚಿತ್ರ ಪತ್ರದಲ್ಲಿ ಪೀಟರ್ ಮೊಲದ ಕಥೆ ಮೊದಲು ಕಾಣಿಸಿತು. ಪ್ರಕಾಶಕರು ಒಪ್ಪದಿದ್ದಾಗ 1901ರ ಡಿಸೆಂಬರಿನಲ್ಲಿ ಪಾಟರ್ ಸ್ವಂತ ಖರ್ಚಿನಲ್ಲಿ 250 ಪ್ರತಿ ಮುದ್ರಿಸಿದರು. 1902ರ ಅಕ್ಟೋಬರಿನಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಬಣ್ಣದಲ್ಲಿ ಹೊರತಂದಿತು. ಮೂರು ಬಣ್ಣಗಳ ಹೊಸ ಮುದ್ರಣ ವಿಧಾನ ಆ ಹೊತ್ತಿಗೆ ಬಳಕೆಗೆ ಬಂದದ್ದರಿಂದಲೇ ತೆಳು ಜಲವರ್ಣದ ಛಾಯೆಗಳು ಅಗ್ಗದ ಪುಸ್ತಕದಲ್ಲಿ ಉಳಿಯಲು ಸಾಧ್ಯವಾಯಿತು. ಆ ಕಥೆಯಲ್ಲಿ ಬೂಟು ಕಳೆದುಕೊಂಡ ಪೀಟರ್ ನಾಲ್ಕು ಕಾಲಿನ ಮೇಲೆ ಓಡುತ್ತಾನೆ, ಇನ್ನೂ ವೇಗವಾಗಿ ಓಡುತ್ತಾನೆ; ಮುಂದೆ ಕೋಟೂ ಹೋದಾಗ ಉಳಿಯುವುದು ಬೆಂಜಮಿನ್ನಿನ ಕಾಲದ ಹಾಳೆಗಳಲ್ಲಿದ್ದ ಅದೇ ಮೈ.

ಆ ಹಾಳೆಗಳನ್ನು ಬಿಡಿಯಾಗಿ ಬೆಲೆಕಟ್ಟಿ ನೋಡುವ ಕಾಲ ತಡವಾಗಿ ಬಂತು. 1943ರಲ್ಲಿ ಪಾಟರ್ ತೀರಿಕೊಂಡ ಬಳಿಕ ಲೆಸ್ಲಿ ಲಿಂಡರ್ ಎಂಬ ಎಂಜಿನಿಯರು ಅವರ ಚಿತ್ರಗಳನ್ನು ಹುಡುಕಿ ಕೂಡಿಸುವುದರಲ್ಲಿ ವರ್ಷಗಟ್ಟಲೆ ತೊಡಗಿಕೊಂಡರು. ಹದಿನೈದರ ಆಸುಪಾಸಿನಿಂದ ಮೂವತ್ತರವರೆಗೆ ಪಾಟರ್ ಗುಪ್ತಲಿಪಿಯಲ್ಲಿ ಬರೆದಿದ್ದ ದಿನಚರಿ ಯಾರಿಗೂ ಓದಲಾಗದೆ ಬಿದ್ದಿತ್ತು. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಮರಣದಂಡನೆಯ ವರ್ಷವಾದ 1793ರ ಸುಳಿವನ್ನು ಅದರಲ್ಲಿ ಹಿಡಿದು ಲಿಂಡರ್ 1958ರಲ್ಲಿ ಅದನ್ನು ಬಿಡಿಸಿದರು. ದಿನಚರಿ 1966ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಮೊಲಕ್ಕೆ ಭಂಗಿ ಬೀಜ ತಿನ್ನಿಸಿದ ಸಂಗತಿ ಹೊರಜಗತ್ತಿಗೆ ತಿಳಿದದ್ದು ಹಾಗೆ. ಲಿಂಡರ್ ಕೂಡಿಸಿದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳು 1973ರಲ್ಲಿ, ಪಾಟರ್ ಬೆಳೆದ ಮನೆಗೆ ಹತ್ತಿರವಿರುವ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿದವು. ಬೆಳಕು ಬಿದ್ದಷ್ಟೂ ಜಲವರ್ಣ ಮಾಸುವುದರಿಂದ ಇಂಥ ಚಿತ್ರಗಳನ್ನು ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿ, ಕೆಲವು ತಿಂಗಳಷ್ಟೇ ಪ್ರದರ್ಶಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗಳಿಗೆ ಮರಳಿಸುವುದು ರೂಢಿ.